ಯಜಮಾನರು ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದಾರೆ

ಕೆರೆ ಕಂಡವಳಿಗೆ ಸಮುದ್ರ ಯಾವ ಲೆಕ್ಕ! ಇದು ನನ್ನ ಅಂದಿನ ಖಚಿತ ಅಭಿಪ್ರಾಯವಾಗಿತ್ತು. ನಾನು ಮಧುಗಿರಿ ಹತ್ತಿರದ ಕೊಡಿಗೇನಹಳ್ಳಿಯ ಶಾಲೆಯಲ್ಲಿ ಭೂಗೋಳದ ಮೇಡಂ. ಹಿಂದೂ ಮಹಾಸಾಗರವನ್ನು ಬೋರ್ಡಿನ ಮೇಲೆ ಬರೆದು, ಒರೆಸಿ, ಕೈಗೆ ಹತ್ತಿದ ಚಾಕಿನ ಪುಡಿ ಕೊಡವಿಕೊಂಡು ಮನೆಗೆ ಬರುತ್ತಿದ್ದವಳು. ಅಂಥವಳು ಸಮುದ್ರ ನೋಡಲು ಹೊರಟರೆ ಹೆದರಬೇಕಾದದ್ದು ಸಮುದ್ರವೇ ಹೊರತು ನಾನಲ್ಲ. ಹೀಗೆ ತಿಳಿದಿದ್ದೆ!

ಈ ಹಳೆಯ ಪುರಾಣ ನೆನಪಾದದ್ದು ಮೊನ್ನೆ. ನೆಂಟರ ಪೈಕಿ ಹುಡುಗಿಯೊಬ್ಬಳು ತನ್ನ ಜೊತೆಗಾತಿಯನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಇಬ್ಬರೂ ಒಂದೇ ಫೋನಿಗೆ ತಲೆ ಕೊಟ್ಟು ಕೂತಿದ್ದರು. "ಅಜ್ಜಿ, ನಮ್ಮಂಥ ಜೋಡಿಗಳು ಆರಾಮಾಗಿ ಹೋಗಿ ಬರೋ ಬೀಚುಗಳು ಯಾವ್ಯಾವು ಅಂತ ಇದ್ರಲ್ಲಿ ಹಾಕಿದಾರೆ ನೋಡಿ. ಎಲ್ಲಿ ರೂಮ್ ಕೊಡ್ತಾರೆ, ಎಲ್ಲಿ ಗುರಾಯಿಸೋಲ್ಲ, ಎಲ್ಲ ಐತೆ. ಸ್ಟಾರ್ ಬೇರೆ ಕೊಟ್ಟಿದಾರೆ! ನಿಮ್ಮ ಕಾಲ್ದಲ್ಲಿ ಹೆಂಗೆ ಹುಡುಕ್ತಿದ್ರಿ?" ಎಂದು ಕೇಳಿದಳು.

ಹುಡುಕುತ್ತಿದ್ದೆವಂತೆ! ನಮ್ಮ ಕಾಲದಲ್ಲಿ ಇದ್ದದ್ದು ಒಂದೇ ಸ್ಟಾರು, ಅದು ಮೇಲೆ ಆಕಾಶದಲ್ಲಿತ್ತು.

ಎಮರ್ಜೆನ್ಸಿ ಮುಗಿದು ಜನ ಸ್ವಲ್ಪ ಜೋರಾಗಿ ಮಾತಾಡಲು ಶುರುಮಾಡಿದ್ದ ಕಾಲ. ಸರೋಜ ನಮ್ಮೂರ ಆಸ್ಪತ್ರೆಯಲ್ಲಿ ನರ್ಸು. ನಾವಿಬ್ಬರೂ ಗಂಗಮ್ಮ ಎಂಬುವರ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದೆವು. ಒಂದೇ ಒಲೆ, ಒಂದೇ ಚಾಪೆ, ದಿನಕ್ಕೊಂದೇ ಜಗಳ. ಊರಿನವರ ಕಣ್ಣಿಗೆ ನಾವು ಮದುವೆಯಾಗದೆ ಉಳಿದ ಇಬ್ಬರು ಪಾಪದ ಹೆಂಗಸರು, ಒಬ್ಬರಿಗೊಬ್ಬರು ಜೊತೆ. ನಮ್ಮ ಕಣ್ಣಿಗೆ ನಾವು ಸಂಸಾರ. ಊರಿನವರು ತಪ್ಪು ತಿಳಿದಿದ್ದರೆಂದು ನಾನು ಹೇಳಲಾರೆ. ಜೊತೆ ಎನ್ನುವುದಂತೂ ಸತ್ಯವೇ ಆಗಿತ್ತು.

ಕಷ್ಟವೆಂದರೆ ಒಂದೇ. ನಮ್ಮ ಮನೆಗೆ ಬಾಗಿಲಿತ್ತು, ಆದರೆ ಅದು ಇರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಗಂಗಮ್ಮ ಕಾಫಿಪುಡಿಗೆ ಬರುವರು. ಅವರ ಕುರಿಗಳು ಸುಮ್ಮನೆ ಬರುವವು. ಬೀದಿಯಲ್ಲಿ ನಾವಿಬ್ಬರೂ ನಾಲ್ಕು ಹೆಜ್ಜೆ ಜೊತೆಯಾಗಿ ನಡೆದರೆ ಒಬ್ಬರು ನಿಲ್ಲಿಸಿ, "ಮೇಡಂ, ನಮ್ ಹೈದ ಪಾಸಾಯ್ತಾನಾ?" ಎನ್ನುವರು. ಇನ್ನೊಬ್ಬರು ಅಲ್ಲೇ ಬಾಯಿ ತೆರೆದು, "ನರ್ಸಮ್ಮ, ಒಸಿ ಗಂಟ್ಲು ನೋಡಿ" ಎನ್ನುವರು. ಅದಕ್ಕೇ ನಾನು ಸರೋಜನಿಗೆ ವರ್ಷಗಳಿಂದ ಮಾತು ಕೊಡುತ್ತಾ ಬಂದಿದ್ದೆ. ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ, ನಮ್ಮನ್ನು ಗುರುತಿಸುವ ಒಂದು ಕುರಿಯೂ ಇಲ್ಲದ ಜಾಗದಲ್ಲಿ ಕೈ ಹಿಡಿದು ನಡೆಯೋಣ ಎಂದು. ಮಾತು ಕೊಡುವುದರಲ್ಲಿ ನಾನು ಬಹಳ ಧಾರಾಳಿ.

ಹೀಗಿರುವಾಗ ಸಿರಾದಿಂದ ಸರೋಜನ ಅಣ್ಣ ತಿಮ್ಮಣ್ಣ ಬಂದ. ಬಂದವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗಂಡು ನೋಡಿರುವುದಾಗಿ ಹೇಳಿದ. ಹೆಂಡತಿ ತೀರಿಕೊಂಡವರು, ಕಡಲೆಕಾಯಿ ಮಂಡಿ ಇದೆ, ಮನೆಗೆ ಮೊಸಾಯಿಕ್ ನೆಲ ಹಾಕಿಸಿದ್ದಾರೆ.

"ಎಷ್ಟು ದಿನ ಅಂತ ಇಂಗೇ ಇರ್ತೀಯವ್ವ?" ಎಂದ. "ಟೀಚರಮ್ಮ ಒಳ್ಳೇರೇ, ಬಿಲ್ಕುಲ್ ಇಲ್ಲ ಅನ್ನಾಕಿಲ್ಲ. ಆದ್ರೆ ಗಂಡುದಿಕ್ಕು ಇಲ್ದಿರೋ ಹೆಂಗಸ್ರು ಎಲ್ಲಿಗೆ ಹೋದೀರಿ? ಒಂದು ಊರಿಗೆ ಹೋದ್ರೆ ಒಂದು ರೂಮ್ ಕೊಡಾಕಿಲ್ಲ ಕಣಮ್ಮ ನಿಮ್ಗೆ!"

ಸರೋಜ ಇಲ್ಲ ಎನ್ನುತ್ತಾಳೆಂದು ನಾನು ಕಾದೆ. ಅವಳು, "ದಸರಾ ರಜ ಕಳೀಲಿ ಅಣ್ಣ, ಹೇಳ್ತೀನಿ" ಎಂದಳು.

ಅಣ್ಣ ಹೋದ ಮೇಲೆ, "ಯಾಕೆ ಅಂಗಂದೆ?" ಎಂದು ಕೇಳಿದರೆ, ಅವಳು ಅಕ್ಕಿ ಆರಿಸುತ್ತಾ, "ನೀನು ಸಮುದ್ರ ತೋರಿಸ್ತೀನಿ ಅಂತ ಹೇಳಾಕಿಡ್ಕಂಡಾಗಿಂದ ನಂಗೆ ತಲೆಕೂದ್ಲು ಬೆಳ್ಳಗಾಯ್ತು ಕಣೇ. ನಂಗೂ ಯೋಚ್ನೆ ಇರಾಕಿಲ್ವಾ?" ಎಂದಳು.

ಆ ಕ್ಷಣವೇ ನಾನು ಶಪಥ ಮಾಡಿದೆ. ಈ ದಸರಾದಲ್ಲೇ ಸಮುದ್ರ. ಯಾವ ಗಂಡುದಿಕ್ಕೂ ಇಲ್ಲದೆ ರೂಮು ಹಿಡಿದು, ಸರೋಜನನ್ನು ಮಹಾರಾಣಿಯಂತೆ ನೋಡಿಕೊಂಡು, ಸಿರಾದ ಮೊಸಾಯಿಕ್ ನೆಲವನ್ನು ಸೋಲಿಸುವುದು!

ಹೊರಡುವ ದಿನ ಗಂಗಮ್ಮ ಒಂದು ತೆಂಗಿನಕಾಯಿ ಮತ್ತು ಒಂದು ಕರಿ ಕಂಬಳಿ ತಂದರು. ಅವರದು ಕುರಿ ಸಾಕುವ ಮನೆತನ. ಆ ಕಂಬಳಿ ಪೆಟ್ಟಿಗೆಯಿಂದ ಹೊರಗೆ ಬರುವುದೇ ಅಪರೂಪ.

"ಕಾಯಿನ ಗಂಗಮ್ಮ ಕೊಟ್ಲು ಅಂತ ಸಮುದ್ರಕ್ಕೆ ಬುಡಿ. ಈ ಕಂಬ್ಳಿ ನಂಗೂ ನಮ್ ಯಜಮಾನ್ರಿಗೂ ಧಾರೇಲಿ ಹಾಸಿದ್ದು. ನಮ್ ಮನೆ ಮದ್ವೆ ಎಲ್ಲಾ ಇದ್ರ ಮ್ಯಾಲೇ ಆಗಿರಾದು. ಪರಸ್ಥಳ, ಎಲ್ಲೆಲ್ಲೋ ಕೂರಬ್ಯಾಡಿ. ಇದ್ರ ಮ್ಯಾಲೆ ಕೂತ್ಕಳಿ. ಹುಸಾರು ಕಣ್ರವ್ವ!" ಎಂದರು.

"ನನ್ನ ಜವಾಬ್ದಾರಿ" ಎಂದೆ. ಈ ಎರಡು ಪದಗಳನ್ನು ನಾನು ಆಡಿದಾಗಲೆಲ್ಲ ಯಾವುದಾದರೊಂದು ವಸ್ತುವಿಗೆ ಆಯುಸ್ಸು ಮುಗಿದಿರುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ. ಘಾಟಿಯಲ್ಲಿ ಹೊಟ್ಟೆ ತೊಳಸದಂತೆ ನಿಂಬೆಹಣ್ಣು ಮೂಸುವ ವಿಧಾನವನ್ನು ಬಸ್ಸಿನ ಮುಂದಿನ ಸೀಟಿನವರಿಗೂ ಹಿಂದಿನ ಸೀಟಿನವರಿಗೂ ನಾನು ವಿವರವಾಗಿ ಬೋಧಿಸಿದೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡವಳು ನಾನೊಬ್ಬಳೇ. ಸರೋಜ ನನ್ನ ತಲೆ ಹಿಡಿದು, ಬಾಯಿ ಒರೆಸಿ, ಬೆನ್ನು ನೀವುತ್ತಾ ಕೂತಳು. ಮಹಾರಾಣಿಯನ್ನು ನೋಡಿಕೊಳ್ಳುವ ಕಾರ್ಯ ಹೀಗೆ ಶುಭಾರಂಭವಾಯಿತು!

ಬೆಳಿಗ್ಗೆ ಉಡುಪಿಯಿಂದಾಚೆ ಒಂದು ಸಣ್ಣ ಕಡಲತೀರದ ಊರಿನಲ್ಲಿ ಇಳಿದೆವು. ಅಲ್ಲಿದ್ದದ್ದು ಒಂದೇ ಲಾಡ್ಜು. ಮೇನೇಜರು ಅಚ್ಚ ಬಿಳಿ ಪಂಚೆ ಉಟ್ಟ, ಮರ್ಯಾದಸ್ಥ ಮನುಷ್ಯ.

"ಎಂತ ಆಗಬೇಕಿತ್ತು?"

"ರೂಮ್ ಬೇಕಿತ್ತು."

ಅವರು ನಮ್ಮ ಬೆನ್ನ ಹಿಂದೆ ಇಣುಕಿ ನೋಡಿದರು. ಅಲ್ಲಿ ಗಾಳಿಯ ಹೊರತು ಯಾರೂ ಇರಲಿಲ್ಲ. "ಗಂಡಸರು ಯಾರೂ ಇಲ್ವಾ? ಹಾಗಾದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಹೆಂಗಸರು ಮಾತ್ರ ಬಂದ್ರೆ ಕೊಡುವ ಕ್ರಮ ಇಲ್ಲ."

ತಿಮ್ಮಣ್ಣನ ಮುಖ ಕಣ್ಣ ಮುಂದೆ ಬಂತು. ಶಪಥ ನೆನಪಾಯಿತು. ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಯಜಮಾನರು ಹಿಂದಿನ ಬಸ್ಸಿನಲ್ಲಿ ಬರ್ತಿದಾರೆ!"

"ಹೌದಾ? ಯಾರ ಯಜಮಾನರು?"

"ನನ್ನ" ಎಂದೆ ನಾನು. "ನನ್ನ" ಎಂದಳು ಸರೋಜ. ಇಬ್ಬರ ಬಾಯಿಂದಲೂ ಏಕಕಾಲಕ್ಕೆ, ಶಾಲೆಯ ಪ್ರಾರ್ಥನೆಯಂತೆ ಬಂತು!

ಮೇನೇಜರು ಪೆನ್ನು ಕೆಳಗಿಟ್ಟರು. ನಮ್ಮನ್ನು ಒಮ್ಮೆ ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿತು. "ಓ... ಇಬ್ಬರೂ? ನನ್ನ ಅಜ್ಜನಿಗೂ ಇಬ್ಬರಿದ್ದರು. ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ನೀವು ನೋಡಿದ್ರೆ ಕೈ ಕೈ ಹಿಡಿದುಕೊಂಡು ಬಂದಿದ್ದೀರಿ! ಪುಣ್ಯವಂತ ಆ ಮನುಷ್ಯ. ಹೆಸರೆಂತ ಅವರದ್ದು?"

ಹೆಸರು! ಇಲ್ಲದ ಗಂಡನಿಗೆ ಹೆಸರಿಡುವುದನ್ನು ನಾನು ಮರೆತಿದ್ದೆ. ಆದರೆ ಭೂಗೋಳದವಳ ಬುದ್ಧಿ ಸಾಮಾನ್ಯವೇ? "ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಹೇಳೋ ಹಾಗಿಲ್ಲ ಸ್ವಾಮಿ" ಎಂದು ತಲೆ ತಗ್ಗಿಸಿದೆ. ಬಚಾವಾದೆ ಅಂದುಕೊಂಡೆ.

"ಒಗಟಿನಲ್ಲಿ ಹೇಳ್ಬೋದು ಕಣಕ್ಕ" ಎಂದಳು ಸರೋಜ. ಅವಳ ಕಣ್ಣಿನಲ್ಲಿ ಕಿಡಿಗೇಡಿತನ ಕುಣಿಯುತ್ತಿತ್ತು. ಮದುವೆಮನೆಯಲ್ಲಿ ಹೊಸ ಹೆಣ್ಣಿಗೆ ಬಾಗಿಲು ಅಡ್ಡ ಹಾಕಿ ಗಂಡನ ಹೆಸರು ಕೇಳಿದಾಗ ಹೇಳುತ್ತಾರಲ್ಲ, ಅದೇ ಧಾಟಿಯಲ್ಲಿ, ಸೆರಗು ತಲೆಗೆಳೆದುಕೊಂಡು ಶುರುಮಾಡಿದಳು:

"ಮಧುಗಿರಿ ಬೆಟ್ಟದ ಮ್ಯಾಲೆ ಕಲ್ಲಿನ ಕೋಟೆ,
ಘಾಟಿ ಇಳಿಯೋವಾಗ ತೊಳಸ್ತು ಹೊಟ್ಟೆ,
ಜಯಣ್ಣನ ಕೈ ಹಿಡ್ದು ನಾನಿಲ್ಲಿಗೆ ಬಂದ್ಬುಟ್ಟೆ!"

ನನ್ನ ಹೆಸರು ಜಯಮ್ಮ. ಘಾಟಿಯಲ್ಲಿ ತೊಳಸಿದ್ದು ಯಾರ ಹೊಟ್ಟೆಯೆಂದು ಓದುಗರಿಗೆ ತಿಳಿದೇ ಇದೆ. ನನ್ನ ಕಿವಿಯೆಲ್ಲ ಬಿಸಿಯಾಯಿತು. ಜೀವಮಾನದಲ್ಲಿ ಯಾರಾದರೂ ನನ್ನನ್ನು ಹಾಗೆ ಎಲ್ಲರೆದುರಿಗೆ ತನ್ನವಳೆಂದು ಹೇಳಿಕೊಂಡದ್ದು ಅದೇ ಮೊದಲು, ಅದೂ ವಾಂತಿಯ ಸಮೇತ!

ಮೇನೇಜರು "ಭಲೇ!" ಎನ್ನುತ್ತಾ ಜಯಣ್ಣ ಎಂದು ಬರೆದುಕೊಂಡರು. ಆದರೆ ಕೀಲಿಕೈ ಕೊಡಲಿಲ್ಲ. "ಅವರು ಬರಲಿ, ಅವರ ಕೈಯಲ್ಲೇ ಕೊಡ್ತೇನೆ. ಅದು ಮರ್ಯಾದೆ. ಅಲ್ಲಿವರೆಗೆ ನೀವು ಕಡಲು ನೋಡಿ ಬನ್ನಿ" ಎಂದರು. ನಾವು ಬ್ಯಾಗು, ಬುತ್ತಿ, ತೆಂಗಿನಕಾಯಿ, ಕಂಬಳಿ ಎಲ್ಲವನ್ನೂ ಹೊತ್ತುಕೊಂಡು ಕಡಲಿಗೆ ಹೊರಟೆವು.

ನೋಡಿದ ತಕ್ಷಣ ಸರೋಜ ನಿಂತುಬಿಟ್ಟಳು. ಆಮೇಲೆ, "ಇಷ್ಟೊಂದು ನೀರು ಇಟ್ಕಂಡು ನಮ್ ಕಡೆಗೆ ಒಂದು ಬಿಂದ್ಗೆ ಕಳಿಸಾಕಾಗಲ್ವಾ ಇದಕ್ಕೆ!" ಎಂದಳು. ನಮ್ಮೂರ ಜಯಮಂಗಲಿ ಹೊಳೆಯಲ್ಲಿ ನೀರು ಬಂದರೆ ಶಾಲೆಗೆ ರಜ ಕೊಟ್ಟು ನೋಡಲು ಹೋಗುವ ಜನ ನಾವು.

ನಾನು ಯಜಮಾನಿಕೆ ವಹಿಸಿಕೊಂಡು ಜಾಗ ಹುಡುಕಿದೆ. ಮೇಲಿನ ಒಣ ಮರಳು ಕಾದು ಸುಡುತ್ತಿತ್ತು. ಕೆಳಗೆ, ನೀರು ಹಿಂದೆ ಸರಿದಿದ್ದ ಕಡೆ, ತಣ್ಣಗೆ, ಗಟ್ಟಿಯಾಗಿ, ಸಾರಿಸಿದ ಅಂಗಳದಂಥ ವಿಶಾಲ ನೆಲ. ಥೇಟು ನಮ್ಮೂರ ಕೆರೆಯಂಗಳ! ಇಷ್ಟು ಒಳ್ಳೆಯ ಜಾಗ ಬಿಟ್ಟು ಇಲ್ಲಿನ ಜನ ಅಷ್ಟು ದೂರ ಮೇಲೆ ದೋಣಿ ಎಳೆದಿಟ್ಟಿದ್ದಾರಲ್ಲ, ಪಾಪ, ತಿಳಿವಳಿಕೆ ಸಾಲದು ಎಂದುಕೊಂಡೆ. ನಮ್ಮ ಕಡೆ ನೀರಿಗೆ ಗೊತ್ತಿರುವುದು ಒಂದೇ ಕೆಲಸ, ಇಳಿಯುವುದು. ಕೆರೆ ನೀರು ಒಮ್ಮೆ ಹಿಂದೆ ಹೋಯಿತೆಂದರೆ ಮುಂದಿನ ಮಳೆಗಾಲದ ತನಕ ಆ ಜಾಗದಲ್ಲಿ ಸೌತೆಕಾಯಿ ಬೆಳೆಯಬಹುದು. ನಾನು ಧೈರ್ಯವಾಗಿ ಗಂಗಮ್ಮನ ಧಾರೆಯ ಕಂಬಳಿಯನ್ನು ಹಾಸಿ, ಬಸ್ ಚಾರ್ಜಿನ ಗಂಟನ್ನು ಅದರ ಮೂಲೆಗೆ ಬಿಗಿಯಾಗಿ ಕಟ್ಟಿ, ಮೇಲೆ ಬ್ಯಾಗು, ಬುತ್ತಿ, ನಾಲ್ಕೂ ಚಪ್ಪಲಿ ಜೋಡಿಸಿದೆ.

ಮೇಲೆ ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ಎರಡೂ ಕೈ ಎತ್ತಿ ಜೋರಾಗಿ ಬೀಸಿದಳು. "ಕರಾವಳಿಯವರು ಎಷ್ಟು ವಿಶ್ವಾಸಿಗಳು ನೋಡು!" ಎಂದು ನಾನೂ ಕೈ ಬೀಸಿದೆ. ಅವಳು ಇನ್ನೂ ಜೋರಾಗಿ ಬೀಸಿದಳು. ನಾನು ಇನ್ನೂ ಜೋರಾಗಿ ಬೀಸಿದೆ.

ಗಂಗಮ್ಮನ ತೆಂಗಿನಕಾಯಿಯನ್ನು ಭಕ್ತಿಯಿಂದ ಸಮುದ್ರಕ್ಕೆ ಬಿಟ್ಟೆ. ಸಮುದ್ರ ಅದನ್ನು ನನ್ನ ಕಾಲ ಬುಡಕ್ಕೆ ವಾಪಸು ತಂದಿಟ್ಟಿತು. ಮತ್ತೆ ಎಸೆದೆ, ಮತ್ತೆ ತಂದಿಟ್ಟಿತು. "ಗಂಗಮ್ಮನ ಕಾಯಿ ಕೊಳೆತಿರ್ಬೇಕು ಬುಡು" ಎಂದು ಸರೋಜ ನಗುತ್ತಾ ನನ್ನ ಕೈ ಹಿಡಿದೆಳೆದಳು.

ನಡೆದೆವು. ಯಾರೂ ಗಂಟಲು ತೋರಿಸಲಿಲ್ಲ. ಯಾರೂ ಮಗನ ಮಾರ್ಕ್ಸು ಕೇಳಲಿಲ್ಲ. ಅಷ್ಟು ಉದ್ದದ ದಡದಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು, ಅಷ್ಟೇ. ನನಗೆ ಹಾಡಬೇಕೆನ್ನಿಸಿತು. ಸರೋಜನ ಮೇಲಿನ ದಯೆಯಿಂದ ಹಾಡಲಿಲ್ಲ. ತುಂಬ ದೂರ ಹೋದ ಮೇಲೆ ಧೈರ್ಯ ಮಾಡಿ ಕೇಳಿದೆ, "ಅಣ್ಣಂಗೆ ಏನ್ ಹೇಳ್ತೀಯೆ ಸರೋಜಾ?"

ಅವಳು ನಿಂತಳು. ನನ್ನ ಮುಖ ನೋಡಿದಳು. "ಜಯಾ, ನಾನು ಬೋ ಯೋಚ್ನೆ ಮಾಡಿದೀನಿ ಕಣೆ. ನಾನು..."

ಅವಳ ಕಣ್ಣು ನನ್ನ ಹೆಗಲ ಮೇಲಿಂದ ದೂರ ಹೋಯಿತು.

"ಲೇ, ನಮ್ ಕಂಬ್ಳಿ ಎಲ್ಲೇ?"

ತಿರುಗಿ ನೋಡಿದೆ. ಕೆರೆಯಂಗಳ ಇರಲಿಲ್ಲ! ನಾನು ಆರಿಸಿದ ಆ ಪ್ರಶಸ್ತವಾದ ಜಾಗದಲ್ಲಿ ಅರಬ್ಬೀ ಸಮುದ್ರವೇ ಕಾಲು ಚಾಚಿ ಕೂತಿತ್ತು. ನಾವು ಓಡಿದ ಓಟವನ್ನು ನಮ್ಮ ಶಾಲೆಯ ಡ್ರಿಲ್ ಮಾಸ್ತರರು ನೋಡಿದ್ದರೆ ಜಿಲ್ಲಾಮಟ್ಟಕ್ಕೆ ಕಳಿಸುತ್ತಿದ್ದರು. ಹೋಗಿ ನೋಡಿದರೆ ಬ್ಯಾಗು ಬಾಯಿ ತೆರೆದುಕೊಂಡು ತೇಲುತ್ತಿದೆ. ಸರೋಜನ ಹಸಿರು ರೇಷ್ಮೆ ಸೀರೆ ಅಲೆಗಳ ಮೇಲೆ ಉದ್ದಕ್ಕೆ ಹಾಸಿಕೊಂಡು, ಬಲು ಬಿಂಕದಿಂದ ಅರಬ್‌ದೇಶದ ಕಡೆ ಹೊರಟಿದೆ. ಚಪ್ಪಲಿಗಳು ಆಗಲೇ ಹೊರಟುಹೋಗಿದ್ದವು. ಗಂಗಮ್ಮನ ತೆಂಗಿನಕಾಯಿ ಮಾತ್ರ ದಡದಲ್ಲಿ ನಮ್ಮನ್ನೇ ಕಾಯುತ್ತಿತ್ತು. ಕೊಟ್ಟದ್ದನ್ನು ಬೇಡವೆಂದ ಸಮುದ್ರ, ಕೊಡದೇ ಇದ್ದುದನ್ನೆಲ್ಲ ಕೊಂಡೊಯ್ದಿತ್ತು!

"ಕಂಬ್ಳಿ!" ಎಂದು ಕೂಗಿ ನಾನು ನೀರಿಗೆ ನುಗ್ಗಿದೆ. ನೆನೆದ ಕಂಬಳಿ ಎಷ್ಟು ಭಾರವೆಂದು ನಮ್ಮ ಕಡೆ ಕುರಿಮರಿಗೂ ಗೊತ್ತು. ಅದು ನೀರು ಕುಡಿದ ಎಮ್ಮೆಯಂತೆ ತಳದಲ್ಲಿ ಬಿದ್ದುಕೊಂಡಿತ್ತು. ನಾನು ಅದರ ತುದಿ ಎಳೆದೆ. ಅಲೆ ನನ್ನ ತುದಿ ಎಳೆಯಿತು. ಸರೋಜ ನನ್ನ ಜಡೆ ಹಿಡಿದೆಳೆದಳು. ನಾವು ಮೂವರೂ, ಅಂದರೆ ನಾನು, ಸರೋಜ, ಕಂಬಳಿ, ಒಂದು ಮುಳುಗು ಹಾಕಿದೆವು. ಬಾಯಿ ತುಂಬ ಉಪ್ಪುನೀರು ಕುಡಿದು ಇನ್ನೇನು ದೇವರ ಹೆಸರು ಹೇಳಬೇಕು ಎನ್ನುವಾಗ, ಆ ಬಲೆ ಬಿಡಿಸುತ್ತಿದ್ದ ಹೆಂಗಸು ಬಂದು ಒಂದು ಕೈಯಲ್ಲಿ ಕಂಬಳಿಯನ್ನೂ ಇನ್ನೊಂದರಲ್ಲಿ ನನ್ನ ರವಿಕೆಯನ್ನೂ ಹಿಡಿದು ದಡಕ್ಕೆ ಎಳೆದು ಹಾಕಿದಳು.

"ನಾನು ಆಗದಿಂದ ಕೈ ಬೀಸಿ ಬೀಸಿ ಮೇಲೆ ಬನ್ನಿ ಅಂತಿದ್ದೇನೆ! ನೀವು ಹಲ್ಲು ಬಿಟ್ಟು ಟಾಟಾ ಮಾಡ್ತೀರಲ್ಲ!" ಎಂದು ಬೈದಳು. ಅವಳ ಹೆಸರು ಗುಲಾಬಿ. "ಭರತ ಬರುವ ಹೊತ್ತು, ನೀರು ಏರ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ನಿಮಗೆ ಯಾರೂ ಹೇಳಿ ಕೊಡ್ಲಿಲ್ವಾ?"

ಸರೋಜ ಕೆಮ್ಮುತ್ತಾ, ಮುಖದ ಮೇಲಿನ ಕೂದಲು ಸರಿಸಿ, ಬಹಳ ಗಂಭೀರವಾಗಿ ಹೇಳಿದಳು, "ಇವ್ರು ಭೂಗೋಳದ ಮೇಡಂ."

ನಿಜ. ಪ್ರತಿ ವರ್ಷವೂ ಆರನೇ ಕ್ಲಾಸಿಗೆ ಉಬ್ಬರವಿಳಿತದ ಪಾಠ ಮಾಡುತ್ತಿದ್ದವಳು ನಾನೇ. ಚಂದ್ರನ ಚಿತ್ರ ಬರೆದು, ಬಾಣ ಹಾಕಿ, ತಪ್ಪು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ!

ಒಂದು ಸಮಾಧಾನ ಉಳಿದಿತ್ತು. ಭಾರವಾದ ಕಂಬಳಿಯನ್ನು ಸಮುದ್ರಕ್ಕೆ ಎತ್ತಲಾಗದೆ ಬಸ್ ಚಾರ್ಜಿನ ಗಂಟು ಅದರ ಮೂಲೆಯಲ್ಲೇ ಉಳಿದಿತ್ತು. ಇನ್ನೊಂದು ಸಮಾಧಾನ ಲಾಡ್ಜಿನ ರೂಮು. ಹೇಗಾದರೂ ಮೇನೇಜರ ಕಾಲು ಹಿಡಿದು ಕೀಲಿಕೈ ಪಡೆಯುವುದೆಂದು ನಿಶ್ಚಯಿಸಿದೆ. ಗುಲಾಬಿ ಕಂಬಳಿಯ ಒಂದು ತುದಿ ಹೊತ್ತಳು, ನಾವಿಬ್ಬರೂ ಇನ್ನೊಂದು ತುದಿ ಹೊತ್ತೆವು. ಮೂವರೂ ಬರಿಗಾಲಲ್ಲಿ, ನೀರು ಸುರಿಸಿಕೊಂಡು, ಲಾಡ್ಜಿನ ಮೆಟ್ಟಿಲು ಹತ್ತಿದೆವು.

ಮೇನೇಜರು ನಮ್ಮನ್ನು ಕಂಡು ಹರ್ಷದಿಂದ ಎದ್ದು ನಿಂತರು. "ಬನ್ನಿ, ಬನ್ನಿ! ನಿಮ್ಮ ಯಜಮಾನರು ಬಂದರು!"

ಇಲ್ಲದ ಗಂಡ ಬರುವುದೆಂದರೇನು!

ಆದದ್ದಿಷ್ಟು. ಆ ಪುಣ್ಯವಂತನನ್ನು ತಾವೇ ಎದುರುಗೊಳ್ಳಬೇಕೆಂದು ಮೇನೇಜರು ಬಸ್ ಸ್ಟ್ಯಾಂಡಿಗೆ ಹೋಗಿ, ತುಮಕೂರು ಕಡೆಯ ಬಸ್ಸು ಬಂದಾಗ "ಮಧುಗಿರಿ ಕಡೆಯ ಜಯಣ್ಣನವರೇ!" ಎಂದು ಕೂಗಿದ್ದರು. ನಮ್ಮ ಸೀಮೆಯಲ್ಲಿ ಹಾಗೆ ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ದೇವರ ದರ್ಶನಕ್ಕೆಂದು ಹೊರಟಿದ್ದ ಪಾವಗಡದ ಜಯಣ್ಣ ಎಂಬುವರು, "ನಾನೇ, ಏನಾತು?" ಎಂದಿದ್ದರು. ಅವರನ್ನು ಕರೆತಂದು, ಕುರ್ಚಿ ಮೇಲೆ ಕೂರಿಸಿ, ಕೈಗೆ ಎಳನೀರು ಕೊಟ್ಟಿದ್ದರು. ಯಾಕೆಂದು ಇನ್ನೂ ಹೇಳಿರಲಿಲ್ಲ.

"ನೋಡಿ ಜಯಣ್ಣನವರೇ, ನಿಮ್ಮ ಹೆಂಡಂದಿರು! ಇಬ್ಬರೂ ಕ್ಷೇಮ!" ಎಂದು ಮೇನೇಜರು ನಮ್ಮನ್ನು ತೋರಿಸಿದರು.

ಜಯಣ್ಣ ನಮ್ಮನ್ನು ನೋಡಿದರು. ಒದ್ದೆ ಮುದ್ದೆಯಾಗಿ, ತಲೆ ಕೆದರಿಕೊಂಡು, ಹೆಣದಂಥ ಕರಿ ಕಂಬಳಿ ಹೊತ್ತು ನಿಂತ ಇಬ್ಬರು ಹೆಂಗಸರು. ಎಳನೀರು ಕೈಯಿಂದ ಜಾರಿತು.

"ವದ್ದು ಸಾಮೀ, ವದ್ದು! ಬ್ಯಾಡ!" ಎಂದು ಕುರ್ಚಿಯ ಹಿಂದೆ ಹೋಗಿ ನಿಂತರು. "ಊರ್ನಾಗೆ ಇರೋಳು ಒಬ್ಬಳೇ, ಆಯಮ್ಮಂಗೇ ಜವಾಬು ಹೇಳಾಕಾಗ್ದೆ ದೇವ್ರ ತಾವ ಬಂದೀನಿ. ನಂಗೆ ಇನ್ನಿಬ್ರುನ್ನ ಕಟ್ತೀಯಲ್ಲಯ್ಯಾ, ನಿಂಗೆ ನ್ಯಾಯಾನಾ?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಗಂಡನೇ ಇಲ್ಲವೆಂದು ಒಪ್ಪಿಕೊಂಡೆ. ಜಯಣ್ಣ ಗಂಟು ಎತ್ತಿಕೊಂಡು ಓಟ ಕಿತ್ತರು. ಮೇನೇಜರು ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು. ಅವರು ನೊಂದುಕೊಂಡರು. "ನಾನು ಪುಣ್ಯವಂತ ಅಂತ ನಂಬಿದ್ದೆ ಮಾರಾಯ್ರೆ" ಎಂದು ಕೀಲಿಕೈಯನ್ನು ಮೊಳೆಗೆ ತೂಗುಹಾಕಿದರು. "ಕ್ರಮ ಕ್ರಮವೇ. ರೂಮು ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ."

ಸಿರಾದಲ್ಲಿ ಕೂತಲ್ಲೇ ತಿಮ್ಮಣ್ಣ ಗೆದ್ದಿದ್ದ. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಸೀರೆ ಹೋಯಿತು, ಚಪ್ಪಲಿ ಹೋಯಿತು, ಮಾನ ಹೋಯಿತು. ಇನ್ನು ಸರೋಜ ಹೋಗುವುದೊಂದೇ ಬಾಕಿ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅಷ್ಟರಲ್ಲಿ ಓಡಿಹೋಗಿದ್ದ ಪಾವಗಡದ ಜಯಣ್ಣ ವಾಪಸು ಬಂದರು. ತಮ್ಮ ಗಂಟಿನಿಂದ ಒಗೆದ ಟವೆಲ್ ತೆಗೆದು, ದೂರದಿಂದಲೇ ಕೈ ಚಾಚಿ ಕೊಟ್ಟರು. "ತಗಳಿ ತಾಯಿ, ತಲೆ ಒರೆಸ್ಕಳಿ. ಗಂಡ ಅಂತ ಅಲ್ಲ ಮತ್ತೆ! ನಮ್ ಕಡೆಯೋರು ಅಂತ" ಎಂದು ಹೇಳಿ, ಮೇನೇಜರು ಮತ್ತೆ ಹಿಡಿದಾರೆಂಬ ಭಯದಲ್ಲಿ ಬಿರಬಿರನೆ ನಡೆದುಬಿಟ್ಟರು. ಆ ಟವೆಲ್ಲಿಗೆ ನಾನು ಇವತ್ತಿಗೂ ಋಣಿ.

ಗುಲಾಬಿ ಇಷ್ಟು ಹೊತ್ತೂ ಕಂಬಳಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಎದ್ದು, "ಏಳಿ, ನಮ್ಮಲ್ಲಿಗೆ ಬನ್ನಿ. ನಮ್ಮವರು ದೋಣಿಯಲ್ಲಿ ಹೋಗಿದ್ದಾರೆ, ನಾನೊಬ್ಬಳೇ ಇರುವುದು. ಮೀನು ತಿಂತೀರಾ?" ಎಂದಳು.

ಅವಳದು ಒಂದೇ ಕೋಣೆಯ, ತೆಂಗಿನ ಗರಿಯ ಮನೆ. ನಮಗೆ ತನ್ನ ಎರಡು ಸೀರೆ ಕೊಟ್ಟು, ಅವಳ ಹಾಗೆ ಮಂಡಿಗೆ ಎತ್ತಿ ಉಡುವುದನ್ನೂ ಕಲಿಸಿದಳು. ಒಲೆ ಮುಂದೆ ಕೂತು ಸಾರು ಕಲಕುತ್ತಾ ಕೇಳಿದಳು, "ನೀವು ಅಕ್ಕ ತಂಗಿಯಾ?"

"ಅಲ್ಲ."

"ಓರಗಿತ್ತಿಯರಾ?"

"ಅಲ್ಲ."

"ಮತ್ತೆಂತ?"

ಒಂದೇ ಒಂದು ಸುಳ್ಳಿನ ಹಿಂದೆ ಬೆಳಗಿನಿಂದ ಓಡಿ ನನಗೆ ಸುಸ್ತಾಗಿತ್ತು. ಹೊಸದೊಂದನ್ನು ಹೊಸೆಯಲು ತ್ರಾಣವಿರಲಿಲ್ಲ. "ನಾವಿಬ್ರೂ ಸಂಸಾರ ಮಾಡ್ಕೊಂಡಿದೀವಿ ಗುಲಾಬಮ್ಮ. ಗಂಡ ಹೆಂಡ್ತಿ ಇರ್ತಾರಲ್ಲ, ಹಂಗೆ" ಎಂದುಬಿಟ್ಟೆ. ಈ ಮಾತನ್ನು ನಾನು ಹೆತ್ತ ತಾಯಿಗೂ ಹೇಳಿರಲಿಲ್ಲ. ಸರೋಜ ನನ್ನ ಮೊಣಕೈ ಹಿಡಿದುಕೊಂಡಳು.

ಗುಲಾಬಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಗಳ ಕಡೆ ತಿರುಗಿ ನೋಡಿದಳು.

"ಹಾಗಾದ್ರೆ ನಿಮಗೆ ಒಂದೇ ಚಾಪೆ ಸಾಕಾಗ್ತದಲ್ಲ? ಒಳ್ಳೇದಾಯ್ತು. ನನ್ನಲ್ಲಿ ಜಾಸ್ತಿ ಇರುವುದೇ ಒಂದು" ಎಂದು, ಸಾರಿಗೆ ಉಪ್ಪು ನೋಡಿದಳು.

ಅಷ್ಟೇ! ನನ್ನ ಕಣ್ಣು ತುಂಬಿ ಬಂತು. ಮೆಣಸಿನ ಘಾಟು ಎಂದೆ. ಅವಳು ನಂಬಿದಂತೆ ಮಾಡಿದಳು.

ಸಂಜೆ ನಾವಿಬ್ಬರೂ ಅವಳ ಜಗುಲಿಯಲ್ಲಿ ಕೂತೆವು. ಬೇಲಿಯ ಮೇಲೆ ಗಂಗಮ್ಮನ ಕಂಬಳಿ ತೊಟತೊಟ ತೊಟ್ಟಿಕ್ಕುತ್ತಿತ್ತು. ಸೂರ್ಯ ಕೆಂಪಗೆ ನೀರಿಗಿಳಿಯುತ್ತಿದ್ದ. ಬೆಳಿಗ್ಗೆ ಅರ್ಧಕ್ಕೆ ನಿಂತ ಮಾತನ್ನು ಸರೋಜ ತಾನೇ ಎತ್ತಿಕೊಂಡಳು.

"ಅಣ್ಣಂಗೆ ಇಲ್ಲ ಅಂತೀನಿ ಕಣೆ."

ನನ್ನ ಎದೆ ತುಂಬಿತು. ನನ್ನ ಧೈರ್ಯ ಮೆಚ್ಚಿದಳೇ? ನನ್ನ ಪ್ರೀತಿ ಮೆಚ್ಚಿದಳೇ? ಗುಲಾಬಿಯೆದುರು ಸತ್ಯ ಹೇಳಿದ್ದು ಮೆಚ್ಚಿದಳೇ? ಹೊಗಳಿಕೆ ಬಾಯಿಂದಲೇ ಕೇಳೋಣವೆಂದು, "ಯಾಕೆ?" ಎಂದೆ. ಕೇಳಬಾರದಿತ್ತು!

"ಯಾಕೆ ಅಂದ್ರೆ? ಸಿರಾದೋರಿಗೆ ಮಂಡಿ ಐತೆ, ಮೊಸಾಯಿಕ್ ಐತೆ, ಅಡುಗೆಗೆ ಆಳವ್ರೆ. ನಾನು ಹೋಗ್ದಿದ್ರೆ ಅವ್ರಿಗೆ ಏನೂ ಆಗಾಕಿಲ್ಲ. ನಿನ್ನ ಒಬ್ಬಳ್ನೇ ಬುಟ್ರೆ ನೀನು ಕುಡಿಯೋ ನೀರಿನ ಬಿಂದ್ಗೇಲೇ ಮುಳುಗೋಯ್ತೀಯ ಕಣೇ! ನಂಗೆ ಆ ಪಾಪ ಯಾಕೆ?" ಎಂದಳು. ಆಮೇಲೆ ನನ್ನ ಭುಜಕ್ಕೆ ತಲೆ ಕೊಟ್ಟು, "ಬೆಳಗಿಂದ ಇಷ್ಟು ನಕ್ಕಿದ್ದು ನಾನು ಯಾವತ್ತೂ ಇಲ್ಲ" ಎಂದಳು. ನಾನು ನಕ್ಕೆನೋ ಅತ್ತೆನೋ ತಿಳಿಯದು. ಸೋತು ಗೆಲ್ಲುವುದೆಂದರೆ ಇದೇ ಇರಬೇಕು.

ಊರಿಗೆ ಬಂದಾಗ ಕಂಬಳಿ ಉಪ್ಪು ಹಿಡಿದು ತಗಡಿನಂತೆ ಸೆಟೆದು ನಿಂತಿತ್ತು. ಗೋಡೆಗೆ ಒರಗಿಸಿದರೆ ಒರಗಿಯೇ ಇರುತ್ತಿತ್ತು. ಗಂಗಮ್ಮನಿಗೆ ಹೇಗೆ ಮುಖ ತೋರಿಸುವುದೆಂದು ನಾನು ಒದ್ದಾಡುತ್ತಿರುವಾಗಲೇ ಅವರ ಕುರಿಗಳು ಎಂದಿನಂತೆ ಒಳಗೆ ಬಂದವು. ಮೂಸಿದವು. ಒಂದು ನೆಕ್ಕಿತು. ಆಮೇಲೆ ಎಲ್ಲವೂ ಮುತ್ತಿಕೊಂಡು ಧಾರೆಯ ಕಂಬಳಿಯನ್ನು ಹಬ್ಬದೂಟದಂತೆ ನೆಕ್ಕತೊಡಗಿದವು! ಗಂಗಮ್ಮ ಬಂದು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ನಾನು ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದೆ.

"ಹೋಗ್ಲಿ ಬುಡಿ ಟೀಚರಮ್ಮ. ನೀವಿಬ್ರೂ ಜೀವಂತ ಬಂದ್ರಲ್ಲ. ಕಂಬ್ಳಿ ತೊಳದ್ರೆ ಆಯ್ತದೆ. ಕುರಿಗೆ ಉಪ್ಪೂ ತಂದ್ರಿ" ಎಂದು, ಕಾಫಿಪುಡಿ ಕೇಳಿದರು.

ತಿಮ್ಮಣ್ಣ ಕೆಲವು ಕಾಲ ಮುನಿಸಿಕೊಂಡಿದ್ದ. ಆಮೇಲೆ ಒಂದು ದಿನ ಹಸಿ ಕಡಲೆಕಾಯಿ ಚೀಲ ಹೊತ್ತುಕೊಂಡು ಬಂದು, ಗಂಡಿನ ಸುದ್ದಿ ಎತ್ತದೆ ಕಾಫಿ ಕುಡಿದು ಹೋದ. ಆಮೇಲೆ ಪ್ರತಿ ವರ್ಷ ಬಂದ. ಮೊನ್ನೆ ಫೋನು ಹಿಡಿದು ನನ್ನನ್ನು ಕೇಳಿದಳಲ್ಲ, ಆ ಹುಡುಗಿ ಅವನ ಮೊಮ್ಮಗಳೇ. ಅವಳಿಗೆ ಹೇಳಿದೆ, "ಎಲ್ಲ ಸ್ಟಾರನ್ನೂ ಗುಲಾಬಿಗೆ ಹಾಕಿಕೋ. ಒಂದನ್ನು ಪಾವಗಡದ ಟವೆಲ್ಲಿಗೆ ಉಳಿಸು."

ಅಂದಿನಿಂದ ನಾನು ಶಾಲೆಯಲ್ಲಿ ಉಬ್ಬರವಿಳಿತದ ಪಾಠಕ್ಕೆ ಯಾವ ಮಗುವನ್ನೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಈಗ ರಿಟೈರಾಗಿ ಎಷ್ಟೋ ಕಾಲವಾಯಿತು. ಕಡಲು ಗೆದ್ದು ಬರಲು ಹೋದ ಭೂಗೋಳದ ಮೇಡಂಗೆ ಇಂದಿಗೂ ಮನೆಯಲ್ಲಿ ಇರುವ ಗೌರವ ಎಷ್ಟೆಂದರೆ, ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡ ಮೇಲೆ ಸರೋಜ ತಪ್ಪದೆ ಹೊರಗೆ ಬಂದು ನಿಲ್ಲುತ್ತಾಳೆ.

"ಲೇ ಜಯಾ, ಸೀರೆನ ಮ್ಯಾಲೆ ಇಟ್ಟಿದೀಯೇನೆ?"

"ಇಟ್ಟಿದೀನಿ ಕಣೇ!" ಎಂದು ಜಬರದಸ್ತಿನಿಂದ ಕೂಗುತ್ತೇನೆ. ಕೂಗಿದ ಮೇಲೆ, ಸದ್ದಾಗದಂತೆ, ಬಕೆಟ್ಟಿನ ಪಕ್ಕದಿಂದ ಎತ್ತಿ ಮೇಲಿಡುತ್ತೇನೆ.